ಅರ್ನೆಸ್ಟೀನ್ ಅಕ್ಕನ ಎರಡು ಮನಸ್ಸು

ಅರ್ನೆಸ್ಟೀನ್ ಟಾಲಿವರ್ ಅವರ ಕಂಠ ಅವರಿಗಿಂತ ಮೊದಲು ಬರುತ್ತಿತ್ತು. ಬೀದಿಯ ತಿರುವಿನಲ್ಲಿ ಆಕೃತಿ ಇನ್ನೂ ಕಾಣದಿರುವಾಗಲೇ, ಈರಿ ಸರೋವರದ ಗಾಳಿಯನ್ನು ಸೀಳಿಕೊಂಡು, ಮಂದ್ರದಲ್ಲಿ ಆರಂಭವಾಗಿ ತಾರಕದಲ್ಲಿ ಒಡೆಯುವ ಆ ದನಿ ನಮ್ಮ ಮನೆಯ ಮೆಟ್ಟಿಲು ಮುಟ್ಟುತ್ತಿತ್ತು. ಬದುಕಿನ ಬಹುಭಾಗ ನಗರದ ಬಸ್ಸು ಓಡಿಸಿದ ಆಕೆ ಹಾರ್ನ್ ಒತ್ತಿದ್ದೇ ಅಪರೂಪವೆಂದು ಜೊತೆಯ ಚಾಲಕರು ಹೇಳುತ್ತಿದ್ದರು. ಚರ್ಚಿನ ಗಾಯನಮೇಳದಲ್ಲಿ ಅವರನ್ನು ಹಿಂದಿನ ಸಾಲಿನ ಕೊನೆಗೆ, ಕಿಟಕಿಯ ಪಕ್ಕಕ್ಕೆ ನಿಲ್ಲಿಸಿದ್ದರು. ಉಳಿದವರ ಭಕ್ತಿಯೂ ದೇವರಿಗೆ ಸ್ವಲ್ಪ ಕೇಳಿಸಲಿ ಎಂಬ ಸದುದ್ದೇಶದಿಂದ.

ನಡೆಯುವಾಗ ಬಲಗಡೆಗೆ ತುಸು ವಾಲುತ್ತಿದ್ದರು. ವಾದ ಬಿಸಿಯೇರಿತೆಂದರೆ ನಡೆ ನಿಂತುಹೋಗುತ್ತಿತ್ತು. ಎದುರಿನವರು ಒಪ್ಪುವ ತನಕ ಒಂದು ಹೆಜ್ಜೆಯನ್ನೂ ಮುಂದಿಡುತ್ತಿರಲಿಲ್ಲ. "ನೋಡಿ, ನಾನು ಹೇಳೋದು ಇಷ್ಟೇ" ಎಂದು ಶುರುಮಾಡಿದರೆ ಆ 'ಇಷ್ಟೇ' ಮುಗಿಯುವಷ್ಟರಲ್ಲಿ ಕಾಲುದಾರಿಯ ಹಿಮ ಬೂಟಿನೊಳಗೆ ಕರಗಿರುತ್ತಿತ್ತು. ತೀರಿಹೋದ ಗಂಡನ ಉದ್ದನೆಯ ಕೋಟನ್ನೇ ತೊಡುತ್ತಿದ್ದರು. ಅದರ ಒಂದು ಜೇಬಿನಲ್ಲಿ ಹುರಿದ ಶೇಂಗಾ, ಇನ್ನೊಂದರಲ್ಲಿ ಗಂಟಲಿಗೆ ಚಪ್ಪರಿಸುವ ಮೆಂಥಾಲ್ ಗುಳಿಗೆ.

ಗುಳಿಗೆ ಬೇಕಾಗುತ್ತಿದ್ದದ್ದು ಭಾನುವಾರಗಳಂದು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅವರ ಹಿಂದಿನ ಸಾಲಿನ ಆಸನ ನನ್ನದು. ಆದ್ದರಿಂದ ಇದನ್ನು ಕಿವಿಯಾರೆ ಬಲ್ಲೆ. ಪ್ರತಿ ಆಟದಲ್ಲೂ ಚೆಂಡು ಮೊದಲು ಸೇರುವುದು ತಂಡವನ್ನು ನಡೆಸುತ್ತ ಅದನ್ನು ಮುಂದಕ್ಕೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಗೆದ್ದರೆ ಜೈಕಾರವೆಲ್ಲ ಅವನಿಗೆ, ಸೋತರೆ ಊರಿನ ಪಾಪವೆಲ್ಲ ಅವನ ತಲೆಗೆ. ನಮ್ಮ ಊರು ಅಂಥ ಎಷ್ಟೋ ಮಂದಿಯನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡು, ಬಯ್ದು ಬೀಳ್ಕೊಟ್ಟಿದೆ. ಬೈಗುಳದ ಮುಂಚೂಣಿಯಲ್ಲಿ ಅರ್ನೆಸ್ಟೀನ್ ಅಕ್ಕ ಇರುತ್ತಿದ್ದರು. "ಏಯ್, ಚೆಂಡು ನಮ್ಮೋರ ಕೈಗೆ ಕೊಡೋ! ನಿಮ್ಮಮ್ಮ ಬಣ್ಣ ಗುರುತು ಹಿಡಿಯೋದು ಕಲಿಸ್ಲಿಲ್ವೇನೋ?" ಎಂದು ಅವರು ಎದ್ದು ನಿಂತರೆ ಕೆಳಗೆ ಮೈದಾನದ ಅಂಚಿನಲ್ಲಿದ್ದ ಆಟಗಾರರೂ ಕತ್ತೆತ್ತಿ ನೋಡುತ್ತಿದ್ದರು.

ಆ ಚಳಿಗಾಲ ನಮ್ಮ ತಂಡ ಹೀನಾಯವಾಗಿ ಸೋತಿತ್ತು. ಕ್ವಾರ್ಟರ್‌ಬ್ಯಾಕ್ ಮುದುಕನಾಗಿದ್ದ, ಮಂಡಿ ಕೈಕೊಟ್ಟಿತ್ತು. ನಮ್ಮ ಬೀದಿಯ ಚರ್ಚೆಗಳೆಲ್ಲ ನಡೆಯುತ್ತಿದ್ದದ್ದು ವಿಲ್ಹೆಲ್ಮಿನಾಳ ಬ್ಯೂಟಿ ಪಾರ್ಲರಿನಲ್ಲಿ. ಅಲ್ಲಿ ಕೂದಲು ಒಣಗಿಸುವ ಟೊಪ್ಪಿಗೆಯ ಕೆಳಗೆ ಕುಳಿತು, ಅದರ ಗದ್ದಲವನ್ನೂ ಮೀರಿಸಿ, ಅರ್ನೆಸ್ಟೀನ್ ಅಕ್ಕ ತೀರ್ಪು ಕೊಟ್ಟರು: "ನಾನು ಹೇಳೋದು ಇಷ್ಟೇ. ಎಳೇ ಹುಡುಗ ಬೇಕು. ಎಲ್ಲಿಂದಾದ್ರೂ ತರಲಿ, ಏನು ಬೇಕಾದ್ರೂ ಕೊಟ್ಟು ತರಲಿ!"

ಮರುವಾರ ರೇಡಿಯೊದಲ್ಲಿ ಆ ಎಳೇ ಹುಡುಗನ ಹೆಸರು ಬಂತು. ಲೆಮ್ಯೂಯೆಲ್ ಗೇನ್ಸ್.

ಪಾರ್ಲರಿನಲ್ಲಿ ಕತ್ತರಿಗಳು ನಿಂತವು. ಲೆಮ್ ಅರ್ನೆಸ್ಟೀನ್ ಅಕ್ಕನ ತಂಗಿಯ ಮಗ. ತಾಯಿ ಸತ್ತ ಮೇಲೆ ಅವರ ಮನೆಯಲ್ಲೇ ಬೆಳೆದವನು. ನಮ್ಮೆಲ್ಲರ ಅಂಗಳಕ್ಕೆ ಚೆಂಡು ಎಸೆದು ಬಯ್ಸಿಕೊಂಡವನು. ದೂರದ ದಕ್ಷಿಣದ ತಂಡವೊಂದು ಅವನನ್ನು ಆರಿಸಿಕೊಂಡು, ಎರಡು ವರ್ಷ ಆಡಿಸಿ, ಈಗ ಬೇಸತ್ತಿತ್ತು. ಪ್ರತಿ ವಸಂತದಲ್ಲೂ ತಂಡಗಳು ಕಾಲೇಜಿನಿಂದ ಬರುವ ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುತ್ತವಲ್ಲ, ಆ ಸರದಿಯಲ್ಲಿ ಮುಂದಿನ ಎರಡು ವರ್ಷಗಳ ನಮ್ಮ ಮೊದಲ ಪಾಳಿಯನ್ನು ಬಿಟ್ಟುಕೊಟ್ಟರೆ ಲೆಮ್ ನಮ್ಮವನಾಗುತ್ತಾನೆ ಎಂಬುದು ಸುದ್ದಿ.

"ಕೊಟ್ಬಿಡ್ಬೇಕು!" ಎಂದ ವಿಲ್ಹೆಲ್ಮಿನಾಳ ಗಂಡ ಓಡೆಲ್, ಕ್ರೀಡಾಂಗಣದಲ್ಲಿ ಅಕ್ಕನ ಪಕ್ಕದ ಆಸನದವನು. "ಆ ತೋಳು ನೋಡಿದ್ದೀರಾ? ಎರಡು ಪಾಳಿ ಏನು, ಮೂರು ಕೊಟ್ರೂ ಲಾಭಾನೇ."

"ಎರಡು ವರ್ಷದಲ್ಲಿ ಎದುರಾಳಿಗಳಿಗೆ ಎಷ್ಟು ಸಲ ಚೆಂಡು ದಾನ ಮಾಡಿದಾನೆ, ಅದನ್ನೂ ಹೇಳಿ" ಎಂದಳು ವಿಲ್ಹೆಲ್ಮಿನಾ. "ಅಕ್ಕನ ಮನೆ ಹುಡುಗ ಅಂತ ಸುಮ್ನಿದ್ದೆ."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವರು ಬಾಯಿ ತೆರೆದರು. "ನೋಡಿ, ನಾನು ಹೇಳೋದು ಇಷ್ಟೇ..." ಎಂದರು. ಮುಂದೆ ಏನೂ ಬರಲಿಲ್ಲ.

ಆಮೇಲಿನ ಎರಡು ತಿಂಗಳು ಆಕೆಯ ಅಭಿಪ್ರಾಯ ಮಾರ್ಚ್ ತಿಂಗಳ ಹವೆಯಂತೆ ಹೊತ್ತಿಗೊಂದು ಬಗೆಯಾಯಿತು. ಹುಡುಗ ಮನೆಗೆ ಬಂದರೆ ಭಾನುವಾರ ರಾತ್ರಿ ತನ್ನ ಮೇಜಿನಲ್ಲಿ ಕುಳಿತು ಸೊಪ್ಪಿನ ಪಲ್ಯವನ್ನೂ ಸಿಹಿಗೆಣಸಿನ ಪೈಯನ್ನೂ ತಿನ್ನುತ್ತಾನೆ. ತಂಡಕ್ಕೂ ಬೇರೆ ಗತಿಯಿಲ್ಲ. ಹೀಗೆನ್ನಿಸಿದಾಗ ಮುಖ ಅರಳುತ್ತಿತ್ತು. ಅಷ್ಟರಲ್ಲೇ ಇನ್ನೊಂದು ನೆನಪು ಎದುರು ನಿಲ್ಲುತ್ತಿತ್ತು. ಕೆಲವು ವರ್ಷಗಳ ಹಿಂದೆ ಕೆಸ್ಲರ್ ಎಂಬ ಕ್ವಾರ್ಟರ್‌ಬ್ಯಾಕ್ ನಮ್ಮಲ್ಲಿದ್ದ. ಒಂದು ಸಂಜೆ ದಿನಸಿ ಅಂಗಡಿಯಲ್ಲಿ ಅಕ್ಕ ಹುಡುಗನೊಬ್ಬನನ್ನು ಜೋಳದ ಹಿಟ್ಟು ಎಲ್ಲಿದೆಯೆಂದು ಕೇಳಿದಾಗ, ಆಚೆ ಸಾಲಿನಲ್ಲಿದ್ದ ಕೆಸ್ಲರನ ಹೆಂಡತಿ ಕ್ರೀಡಾಂಗಣದಲ್ಲಿ ಗಂಡನನ್ನು ಬೈಯುತ್ತಿದ್ದ ಆ ದನಿ ಕೇಳಿ ಬಿಳಿಚಿಕೊಂಡು, ತುಂಬಿದ ಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋಗಿಬಿಟ್ಟಿದ್ದಳು. ಆಗ ಅವಳು ಬಸುರಿ. ಅಕ್ಕ ಇದನ್ನು ನನಗೆ ಹೇಳಿದ್ದು ಆ ವಸಂತದಲ್ಲೇ. "ಆಗ ಅವಳಿಗೇನೋ ಸೊಕ್ಕು ಅಂದ್ಕೊಂಡೆ ಕಣಪ್ಪಾ" ಎಂದರು. ಕೋಟಿನ ಗುಂಡಿಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಒಂದು ಬೆಳಿಗ್ಗೆ ರೇಡಿಯೊದ ಕ್ರೀಡಾಚರ್ಚೆಗೆ 'ಗ್ಲಾಡಿಸ್' ಎಂಬೊಬ್ಬರು ಫೋನ್ ಮಾಡಿ, ಆ ಗೇನ್ಸ್ ಹುಡುಗ ಇನ್ನೂ ಹಸಿ, ಈ ಊರಿನ ಜನ ಅವನನ್ನು ಹರಿದು ತಿನ್ನುತ್ತಾರೆ, ವಿನಿಮಯ ಖಂಡಿತ ಕೂಡದು ಎಂದು ವಾದಿಸಿದರು. ಅಡುಗೆಮನೆಗಳಲ್ಲಿ ಕೇಳುತ್ತಿದ್ದ ನಮ್ಮ ಬೀದಿಯ ಒಬ್ಬೊಬ್ಬರೂ ಕಾಫಿಯ ಲೋಟ ಕೆಳಗಿಟ್ಟರು. ಆ ಕಂಠಕ್ಕೆ ಯಾವ ಹೆಸರಿಟ್ಟರೇನು! ಮರುವಾರ ಗ್ಲಾಡಿಸ್ ಮತ್ತೆ ಬಂದರು: ತಂಡಕ್ಕೆ ಬುದ್ಧಿಯಿದ್ದರೆ ಗೇನ್ಸನನ್ನು ನಾಳೆಯೇ ಕರೆತರಬೇಕು.

"ಅಮ್ಮಾ, ಹೋದ ವಾರ ನೀವು ಬೇಡ ಅಂದಿದ್ರಲ್ಲ?" ಎಂದ ನಿರೂಪಕ.

"ಅದು ಬೇರೆ ಗ್ಲಾಡಿಸ್" ಎಂದು ಫೋನ್ ಇಟ್ಟರು.

ಕೊನೆಗೆ ಲೆಮ್‌ನೇ ಕರೆ ಮಾಡಿದ. ಆಗ ನಾನು ಅವರ ಅಡುಗೆಮನೆಯಲ್ಲಿದ್ದೆ. ಫೋನಿನ ಧ್ವನಿ ಜೋರಾಗಿಟ್ಟುಕೊಳ್ಳುವುದು ಅಕ್ಕನ ರೂಢಿ.

"ದೊಡ್ಡಮ್ಮ, ಇದೇನೂ ನನ್ನ ಕೈಲಿಲ್ಲ. ಎರಡು ತಂಡದವರು ಮಾತಾಡ್ತಿದ್ದಾರೆ. ಆದ್ರೂ ನೀನೇನಂತೀಯಾ ಹೇಳು. ಬಂದ್ರೆ ಒಳ್ಳೇದಾ?"

"ಊಟ ಆಯ್ತೇನೋ?"

"ದೊಡ್ಡಮ್ಮ!"

"ಅಲ್ಲಿ ನಿಂಗೆ ಸರಿಯಾಗಿ ಊಟ ಹಾಕ್ತಾರೋ ಇಲ್ವೋ, ಕೇಳ್ಬಾರ್ದಾ?"

"ಚಿಕ್ಕೋನಿದ್ದಾಗ ಚಪ್ಪಲಿ ಎಲ್ಲಿ ಬಿಡ್ಬೇಕು ಅನ್ನೋದಕ್ಕೂ ನಿನ್ನ ಹತ್ರ ಒಂದು ತೀರ್ಪಿರ್ತಿತ್ತು. ಈಗ ನನ್ನ ಬದುಕೇ ಅಲ್ಲಾಡ್ತಿದೆ, ನೀನು ಊಟದ ಮಾತಾಡ್ತೀಯ."

ಅಕ್ಕ ಒಲೆಯ ಉರಿ ತಗ್ಗಿಸಿದರು. "ಗೊತ್ತಾಗ್ತಿಲ್ಲ ಕಂದಾ" ಎಂದರು. ಆ ದನಿ ಅಷ್ಟು ಸಣ್ಣಗಾಗಬಲ್ಲದೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. "ಬಾ ಅಂದ್ರೆ ಭಯ. ಬೇಡ ಅಂದ್ರೆ ಹೊಟ್ಟೆ ಉರಿಯುತ್ತೆ. ನಂಗೊಂದೂ ಗೊತ್ತಾಗ್ತಿಲ್ಲ."

ಅತ್ತ ಕಡೆಯಿಂದ ಹುಡುಗ ಮೆಲ್ಲಗೆ, "ನಂಗೂ ಗೊತ್ತಾಗ್ತಿಲ್ಲ ದೊಡ್ಡಮ್ಮ" ಎಂದ. ಇಬ್ಬರ ದನಿಯೂ ಅದರಿಂದ ಕೊಂಚ ಹಗುರಾಯಿತು. ಬೇಳೆ ಬೇಯುವ ಸದ್ದಿನ ನಡುವೆ ಹವೆಯ ವಿಷಯ, ಚರ್ಚಿನ ವಿಷಯ, ಯಾರದೋ ಮದುವೆಯ ವಿಷಯ ಮಾತಾಡಿದರು.

ಏಪ್ರಿಲ್ ಕೊನೆಗೆ ತೀರ್ಮಾನವಾಯಿತು. ನಮ್ಮ ತಂಡದ ವ್ಯವಸ್ಥಾಪಕ ಎರಡನೆಯ ವರ್ಷದ ಪಾಳಿಯನ್ನೂ ಬಿಟ್ಟುಕೊಡಲು ಒಪ್ಪಲಿಲ್ಲ. ಬೆಟ್ಟಗಳಾಚೆಯ ಇನ್ನೊಂದು ತಂಡ ತನ್ನ ಎರಡೂ ಪಾಳಿಗಳನ್ನು ಕೊಟ್ಟು ಲೆಮ್‌ನನ್ನು ಕರೆದೊಯ್ದಿತು. ಅರ್ನೆಸ್ಟೀನ್ ಅಕ್ಕ ನಿಟ್ಟುಸಿರು ಬಿಡುತ್ತಾರೆಂದು ನಾವು ಭಾವಿಸಿದ್ದೆವು. ಅವರು ಪಾರ್ಲರಿನ ಬಾಗಿಲನ್ನು ದೂಡಿಕೊಂಡು ಬಂದ ರಭಸಕ್ಕೆ ಕನ್ನಡಿಗಳು ಅಲುಗಿದವು.

"ಆ ಜಿಪುಣನಿಗೆ ನಮ್ಮ ಹುಡುಗನ ಬೆಲೆ ಗೊತ್ತೇನ್ರೀ? ಬೇಡ ಅಂದ್ಬಿಟ್ನಂತೆ!"

"ನೀವೇ ಬೇಡ ಅಂತಿದ್ರಲ್ಲಕ್ಕಾ" ಎಂದಳು ವಿಲ್ಹೆಲ್ಮಿನಾ.

"ನಾನು ಬೇಡ ಅಂದೆ. ಅವನ್ಯಾರು ಬೇಡ ಅನ್ನೋಕೆ?"

ಅಂದು ಸಂಜೆ ಅವರ ಮನೆಯ ಮುಂದೆ ಹಾದುಹೋದಾಗ, ಮುಂದಿನ ಮೊಗಸಾಲೆಯ ತೂಗುಬೆಂಚಿನಲ್ಲಿ ಕುಳಿತು ಅವರು ಅಳುತ್ತಿದ್ದರು. ಸಂತೋಷಕ್ಕೋ ದುಃಖಕ್ಕೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕೇಳಿದ್ದರೂ ಅವರಿಗೇ ತಿಳಿಯುತ್ತಿರಲಿಲ್ಲ.

ನವೆಂಬರಿನಲ್ಲಿ ಲೆಮ್‌ನ ಹೊಸ ತಂಡ ನಮ್ಮ ಊರಿಗೆ ಆಡಲು ಬಂತು. ಅಕ್ಕ ಬರುವುದಿಲ್ಲವೆಂದರು, ಬಂದರು. ಆಟ ಶುರುವಾಗುತ್ತಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಇಡೀ ಕ್ರೀಡಾಂಗಣ ಬೈಗುಳದೊಂದಿಗೆ ಮುಗಿಬಿತ್ತು, ಅದು ವಾಡಿಕೆ. ನಮ್ಮ ಸಾಲುಗಳು ಮಾತ್ರ ಅಕ್ಕನ ಮುಖ ನೋಡಿಕೊಂಡು ತೆಪ್ಪಗಿದ್ದವು. ಅರ್ಧ ಆಟದವರೆಗೆ ಅವರು ಶೇಂಗಾ ಸುಲಿಯುತ್ತಿದ್ದರು, ತಿನ್ನುತ್ತಿರಲಿಲ್ಲ. ಸಿಪ್ಪೆಯೂ ಬೀಜವೂ ಒಂದೇ ಕಡೆ ಬೀಳುತ್ತಿತ್ತು.

ಕೊನೆಯ ಭಾಗದಲ್ಲಿ ಲೆಮ್ ಚೆಂಡೆಸೆಯಲು ಜಾಗ ಸಿಗದೆ, ತಾನೇ ಅದನ್ನು ಬಗಲಿಗಿಟ್ಟುಕೊಂಡು ನಮ್ಮ ಬದಿಯ ಅಂಚಿನುದ್ದಕ್ಕೂ ಓಡತೊಡಗಿದ. ನಮ್ಮ ಇಬ್ಬರು ದೈತ್ಯರು ಅವನ ಬೆನ್ನಿಗೆ ಬಿದ್ದರು. ಅಕ್ಕ ಎದ್ದರು. ಆ ಕಂಠ ಒಡೆಯಿತು: "ಹಿಡೀರೋ ಅವನ್ನ! ಹಿಡೀರೋ, ಬಿಡ್ಬೇಡ್ರೋ!" ಉಸಿರು ತೆಗೆದುಕೊಳ್ಳದೆ, ಅದೇ ದನಿಯಲ್ಲಿ: "ಓಡೋ ಕಂದಾ! ಓಡು! ಕಾಲು ಜೋಪಾನ ಕಣೋ!" ಒಂದು ಕೈ ಬೆನ್ನಟ್ಟುವವರನ್ನು ಹುರಿದುಂಬಿಸುತ್ತಿತ್ತು, ಇನ್ನೊಂದು ಹುಡುಗನನ್ನು ಮುಂದೆ ಮುಂದೆ ಅಟ್ಟುತ್ತಿತ್ತು. ಸುತ್ತಲಿನವರು ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ದಾಟಿದರೆ ಅಂಕ ಸಿಗುವ ಕೊನೆಯ ಗೆರೆಗೆ ಇನ್ನೇನು ಒಂದು ಮಾರು ಇರುವಾಗ ಲೆಮ್ ಉರುಳಿದ. ಓಡೆಲ್ ಅಕ್ಕನ ತೋಳು ಹಿಡಿದುಕೊಂಡ. ಹುಡುಗ ಎದ್ದು, ಮೈಗಂಟಿದ ಹುಲ್ಲು ಕೊಡವಿಕೊಂಡ ಮೇಲೆಯೇ ಅವರು ಕುಳಿತದ್ದು. ಗೆಲುವು ನಮ್ಮ ತಂಡದ್ದಾಯಿತು, ಅತ್ಯಲ್ಪ ಅಂತರದಲ್ಲಿ.

ಹಿಂತಿರುಗುವಾಗ ಬಸ್ಸಿನ ಚಾಲಕಿ, ಒಂದು ಕಾಲದಲ್ಲಿ ಅಕ್ಕನೇ ಕೆಲಸ ಕಲಿಸಿದ ಹೆಣ್ಣುಮಗಳು, ಕನ್ನಡಿಯಲ್ಲಿ ನೋಡಿ ಕೇಳಿದಳು: "ಯಾರು ಗೆದ್ರಕ್ಕಾ?"

"ನಮ್ಮೋರೇ" ಎಂದರು ಅರ್ನೆಸ್ಟೀನ್ ಅಕ್ಕ. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಗಾಜಿನ ಕಡೆ ತಿರುಗಿ, "ಸೋತಿದ್ದೂ ನಮ್ಮೋರೇ" ಎಂದರು.

ಊರೂರಿನಲ್ಲೂ ಇಂಥವರಿದ್ದಾರೆ. ಪರರ ಮಕ್ಕಳ ವಿಷಯದಲ್ಲಿ ಅವರಷ್ಟು ನಿಸ್ಸಂಶಯವಾಗಿ ತೀರ್ಪು ಕೊಡುವವರಿಲ್ಲ. ನಾವು ಅದನ್ನು ಕಾಠಿಣ್ಯವೆಂದೂ, ಕೆಲವೊಮ್ಮೆ ಜ್ಞಾನವೆಂದೂ ತಪ್ಪು ತಿಳಿಯುತ್ತೇವೆ. ವಿಧಿ ಒಂದು ದಿನ ಮೈದಾನದ ನಡುವೆ ಅವರದೇ ಕೂಸನ್ನು ತಂದು ನಿಲ್ಲಿಸಿದಾಗ ಮಾತ್ರ ಆ ಎದೆಯ ನಿಜವಾದ ವಿಸ್ತಾರ ಕಾಣುತ್ತದೆ: ಅಲ್ಲಿ ಎರಡು ಪಕ್ಷಕ್ಕೂ ಜಾಗವಿದೆ, ಆದರೆ ಎರಡರ ನಡುವೆ ಗೋಡೆಯಿಲ್ಲ. ಅಂಥವರು ಸರಿಯಾದ ಉತ್ತರವನ್ನು ಎಂದೂ ಕೊಡಲಾರರು. ಆದರೂ ದಾರಿ ತಪ್ಪಿದ ಹೊತ್ತಿನಲ್ಲಿ ನಾವು ಫೋನ್ ಮಾಡುವುದು ಅವರಿಗೇ.