ಸರ್ಕಾರದ ಸಾಲ, ಗೋಣೆಪ್ಪನ ಚೀಲ

ಕೊಂಡಜ್ಜಿ ಕಡೆಯ ರೈತ ಗೋಣೆಪ್ಪನಿಗೆ ಊರ ಮುಂದಿನ ಹಳ್ಳದ್ದೇ ಚಿಂತೆ. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ಹೆಂಡತಿ ಓಬವ್ವನ ಮೊಸರಿನ ಗಡಿಗೆ ಹರಿಹರ ಮುಟ್ಟುತ್ತಿರಲಿಲ್ಲ. ಹೋದ ವರ್ಷ ಆರು ದಿನದ ಮೊಸರು ಹುಳಿಯಾಗಿ ಎಮ್ಮೆಯ ಕಲಗಚ್ಚಿಗೆ ಸೇರಿತ್ತು. ಹಳ್ಳಕ್ಕೆ ಮೋರಿ, ಅಂದರೆ ಚಿಕ್ಕ ಸೇತುವೆ, ಕಟ್ಟಲು ಸರ್ಕಾರದವರು ಕಲ್ಲು ತಂದು ಹಾಕಿದ್ದರು. ಅಷ್ಟರಲ್ಲಿ ಹಣ ಮುಗಿಯಿತು, ಕೆಲಸ ನಿಂತಿತು. ಆ ಕಲ್ಲುಗಳ ಮೇಲೆ ಈಗ ಆಡುಗಳು ಮಲಗುತ್ತಿದ್ದವು.

ಹೀಗಿರುವಾಗ ಚಾವಡಿಯ ಗೋಡೆಗೆ ಒಂದು ಕಾಗದ ಅಂಟಿಸಿದರು. "ರಾಜ್ಯ ಅಭಿವೃದ್ಧಿ ಸಾಲ. ಸಾಲಪತ್ರಗಳು ದೊರೆಯುತ್ತವೆ." ಗೋಣೆಪ್ಪನಿಗೆ ಕೂಡಿಸಿ ಕೂಡಿಸಿ ಓದಲು ಬರುತ್ತಿತ್ತು. 'ಸಾಲ' ಅನ್ನುವುದನ್ನು ಓದಿದವನೇ ಮನೆಗೆ ಓಡಿದ.

"ಓಬವ್ವ, ಸರ್ಕಾರ ಸಾಲ ಕೊಡ್ತೈತೆ! ತಂದು ಮೋರಿ ನಾವೇ ಕಟ್ಟಿಬಿಡಾಣ."

ಮರುದಿನ ಒಂದು ಗೋಣಿಚೀಲ ಕೊಡವಿ ಕಂಕುಳಲ್ಲಿ ಇಟ್ಟುಕೊಂಡು ದಾವಣಗೆರೆಗೆ ಹೋದ. ಕೆ.ಬಿ. ಬಡಾವಣೆಯ ಹತ್ತಿ ವ್ಯಾಪಾರಿ ಕಲ್ಲೇಶಪ್ಪನವರ ಹತ್ತಿರ ಅವನ ಹತ್ತಿ ಮಾರಿದ ಹಣವೂ ಬಾಕಿ ಇತ್ತು; ಮೊದಲು ಅಲ್ಲಿಗೇ ನಡೆದ.

"ಏನಪ್ಪಾ ಗೋಣೆಪ್ಪ, ಖಾಲಿ ಚೀಲ ಹಿಡ್ಕಂಡ್ ಬಂದೀಯಲ್ಲ?"

"ಸರ್ಕಾರದ ಸಾಲ ತುಂಬ್ಕಂಡ್ ಹೋಗಾಕ್ರಿ, ಸಾವ್ಕಾರ್ರೆ. ಅರ್ಧಕ್ಕೆ ನಿಂತ ನಮ್ಮೂರ ಮೋರಿ ಕಟ್ಟಾಕ."

ಕಲ್ಲೇಶಪ್ಪನವರು ನಕ್ಕ ರಭಸಕ್ಕೆ ತಲೆಯ ರುಮಾಲೇ ಜಾರಿತು. "ಅಯ್ಯೋ ಮಾರಾಯ! ಸರ್ಕಾರ ಸಾಲ ಕೊಡಾಕಲ್ಲ, ಕೇಳಾಕ ಬಂದೈತೆ. ಕೊಡೋನು ನೀನು!"

ಗೋಣೆಪ್ಪನ ಮುಖ ಸಪ್ಪಗಾಯಿತು. "ಸರ್ಕಾರನೇ ಸಾಲ ಎತ್ತೋ ಹಂಗಾತೇನ್ರಿ? ಹಂಗಾರೆ ದಿವಾಳಿ ಎದ್ದೈತೆ ಬಿಡ್ರಿ. ನಾನು ಒಂದು ನಯಾಪೈಸೆ ಕೊಡಂಗಿಲ್ಲ."

"ಕೂಡು, ಚಾ ಕುಡಿ. ಎತ್ತು ತರಾಕ ನನ್ನತ್ರ ಸಾಲ ಮಾಡಿದ್ದೆಲ್ಲ, ಆಗ ನೀನು ದಿವಾಳಿ ಎದ್ದಿದ್ದೇನು?"

"ಇಲ್ರಿ. ಎತ್ತು ದುಡೀತು, ಎರಡು ಸುಗ್ಗಿಗೆ ತೀರ್ಸಿದೆ."

"ಅದೇ ದುಡ್ನಾಗ ಮದುವೆ ಊಟ ಹಾಕ್ಸಿದ್ರೆ?"

"ಎಲೆ ಎತ್ತಿದ ಮ್ಯಾಲೆ ಏನು ಉಳೀತಿತ್ರಿ?"

"ಸರ್ಕಾರದ್ದೂ ಅಷ್ಟೇ ನೋಡು. ನಾಲೆಗೆ, ಮೋರಿಗೆ ಸಾಲ ತಂದ್ರೆ ಅದು ಎತ್ತು. ಸಮಾರಂಭದ ಶಾಮಿಯಾನಕ್ಕೆ ತಂದ್ರೆ ಅದು ಊಟ. ದಿನದ ಖರ್ಚು ಕಂದಾಯದಾಗೇ ನಡೀಬೇಕು. ಆ ಕಂದಾಯ ನೀನು ಕಟ್ಟೀಯಾ?"

ಗೋಣೆಪ್ಪ ಚಹಾದ ಲೋಟ ಕೆಳಗಿಟ್ಟ. "ಎರಡು ವರ್ಷದ್ದು ಬಾಕಿ ಐತ್ರಿ. ಮಾಫಿ ಆಗ್ತೈತೆ ಅಂತ ಊರೆಲ್ಲ ಕಾಯ್ತೈತೆ..."

"ಕಂದಾಯ ಬರಲಿಲ್ಲಂದ್ರೆ ಮೋರಿ ದುಡ್ಡೂ ದಿನದ ಖರ್ಚಿಗೇ ಹೋಗ್ತೈತೆ. ಮೋರಿ ಕೆಲಸ ಯಾಕ ನಿಂತಿತು, ಈಗ ತಿಳೀತಾ?"

ಅವನಿಗೆ ನಾಚಿಕೆಯಾಯಿತು. ಹತ್ತಿಯ ಹಣ ತೆಗೆದುಕೊಂಡು, ಕಲ್ಲೇಶಪ್ಪನವರ ಜೊತೆಯಲ್ಲೇ ಸರ್ಕಾರದ ಖಜಾನೆಗೆ ಹೋಗಿ, ನೂರು ರೂಪಾಯಿಗೆ ಒಂದು ಸಾಲಪತ್ರ ಕೊಂಡ. ಕಂದಾಯದ ಹಣವನ್ನು ಬೇರೆ ಗಂಟು ಕಟ್ಟಿದ.

ಮನೆಯಲ್ಲಿ ಓಬವ್ವ ಕಾಯುತ್ತಿದ್ದಳು. "ಎಷ್ಟು ಕೊಟ್ರು?"

"ನಾನೇ ಕೊಟ್ ಬಂದೆ. ನೂರು ರೂಪಾಯಿ."

"ನಿಮಗೇನು ತಲೆ ಕೆಟ್ಟೈತಾ?" ಓಬವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಗೋಣೆಪ್ಪ ಎತ್ತು, ಊಟದ ಮಾತೆಲ್ಲ ಹೇಳಿದ. ವರ್ಷಕ್ಕೆ ನಾಲ್ಕು ರೂಪಾಯಿ ಚಿಲ್ಲರೆ ಬಡ್ಡಿ, ವಾಯಿದೆ ಮುಗಿದ ಮೇಲೆ ಅಸಲು ವಾಪಸ್ಸು ಎಂದ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು.

"ಹಂಗಾರೆ ಸರ್ಕಾರಕ್ಕೆ ನಾವೇ ಸಾವ್ಕಾರ್ರು ಅನ್ರಿ!" ಎಂದು ನಕ್ಕಳು.

ಮುಂದಿನ ವಾರ ಶ್ಯಾನುಭೋಗರು ಕಂದಾಯ ವಸೂಲಿಗೆ ಬಂದರು. ಗೋಣೆಪ್ಪ ತಕರಾರಿಲ್ಲದೆ ಎರಡು ವರ್ಷದ ಬಾಕಿ ಎಣಿಸಿಕೊಟ್ಟ. ರಶೀದಿ ಬರೆದು ಅವರು ಎದ್ದರೆ, ಓಬವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಕೂಡ್ರಿ ಸ್ವಾಮಿ, ಮಜ್ಜಿಗೆ ಕುಡೀರಿ. ಕಂದಾಯ ಕಟ್ಟೀವಿ, ಸಾಲಾನೂ ಕೊಟ್ಟೀವಿ. ಈಗ ಹೇಳ್ರಿ, ನಮ್ಮ ಮೋರಿ ಯಾವಾಗ?"

ಇಷ್ಟು ವರ್ಷ ಕೇಳುವ ಸರದಿ ಶ್ಯಾನುಭೋಗರದಾಗಿತ್ತು. ಅವತ್ತು ಉತ್ತರ ಹೇಳುವ ಸರದಿ ಅವರದಾಯಿತು. "ಮೇಲಕ್ಕೆ ಬರೀತೀನವ್ವ," ಎಂದು ಅಲ್ಲೇ ಕೂತು ಬರೆದರು.

ಸುದ್ದಿ ಕೇಳಿ ಊರವರೂ ಒಬ್ಬೊಬ್ಬರಾಗಿ ಬಾಕಿ ಕಟ್ಟಿದರು. ಮುಂಗಾರಿಗೆ ಮುಂಚೆ ಆ ಕಲ್ಲಿನ ಮೇಲಿನ ಆಡುಗಳು ಜಾಗ ಖಾಲಿ ಮಾಡಬೇಕಾಯಿತು. ಹಳ್ಳ ತುಂಬಿ ಹರಿದ ದಿನವೂ ಓಬವ್ವನ ಮೊಸರು ಹರಿಹರ ಮುಟ್ಟಿತು. ಅವಳ ತಲೆಯ ಮೇಲೆ, ಗಡಿಗೆಯ ಅಡಿ, ಸಿಂಬೆಯಾಗಿ ಸುತ್ತಿದ್ದು ಅದೇ ಗೋಣಿಚೀಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರ ಮುಂದೆಯೂ ಇಂಥ ಕಲ್ಲು ಬಿದ್ದಿದೆಯೇ? ಮಾಫಿಗೆ ಕಾಯಬೇಡಿ, ಕಂದಾಯ ಕಟ್ಟಿ. ಕೈಲಾದವರು ಸಾಲಪತ್ರ ಕೊಳ್ಳಿ. ಆಮೇಲೆ ಸುಮ್ಮನಿರಬೇಡಿ. ಓಬವ್ವನ ಹಾಗೆ ಬಾಗಿಲಿಗೆ ಅಡ್ಡ ನಿಂತು ಕೇಳಿ: ನಮ್ಮ ದುಡ್ಡು ಎತ್ತಾಯಿತೋ, ಊಟವಾಯಿತೋ?