ವೆಬ್ರುಮಾರನ ತಲೆಪೆಟ್ಟಿಗೆ

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವುದುಂಟು. ಗಾಲ್ ನಾಡಿನಲ್ಲಿ ಮಾತ್ರ ಸತ್ತ ಗಂಡಸಿಗೆ ಅವನು ಕಡಿದನೆನ್ನುವ ಹತ್ತು ತಲೆ. ಬದುಕಿದ್ದಾಗ ಕೋಳಿಯ ಕತ್ತು ಮುರಿಯಲು ಅಂಜಿದವನೂ ಚಿತೆಗೇರುವ ದಿನ ರೋಮನ್ನರ ದಂಡನ್ನೇ ತರಿದ ವೀರನಾಗಿಬಿಡುತ್ತಾನೆ. ಹಾಗೆ ನೋಡಿದರೆ ಪೀಪಾಯಿ ಮಾಡುವ ವೆಬ್ರುಮಾರ ಸಂಕೋಚದವನು, ಒಂದೇ ತಲೆಗೆ ತೃಪ್ತನಾಗಿದ್ದ. ಆ ಒಂದು ತಲೆಯ ಕತೆ ಇದು. ಒಗ್ಗರಣೆ ಹಾಕಿಲ್ಲ, ನಡೆದದ್ದು ನಡೆದಂತೆ.

"ಎತ್ರೋ, ಇನ್ನೂ ಎತ್ತಿ! ಬದುಕಿದ್ದಾಗ್ಲೂ ಭಾರ, ಸತ್ಮೇಲೂ ಭಾರ," ಎಂದು ವೆಬ್ರುಮಾರನ ಚಟ್ಟದ ಮುಂತುದಿಗೆ ಹೆಗಲು ಕೊಟ್ಟಿದ್ದ ತೌತಿಲ್ಲ ಏದುಸಿರು ಬಿಟ್ಟ. "ಹಬ್ಬಹಬ್ಬಕ್ಕೂ ಹಂದಿ ತೊಡೆ ತಿಂದ ಮೈಯಲ್ವಾ ಇದು! ನನಗೆ ಸಿಗ್ಬೇಕಾಗಿದ್ದ ತೊಡೆ."

"ಬಾಯಿ ಮುಚ್ಕೊಂಡು ನಡಿ," ಎಂದ ಹಿಂದಿನಿಂದ ಊರಿನ ಹಿರಿಯ ಕಿಂತುಸ. "ಸತ್ತವರಿಗೂ ಕಿವಿ ಇರುತ್ತೆ."

"ಕಿವಿ ಇರ್ಲಿ ಬಿಡಜ್ಜ. ಬಾಯಿಲ್ವಲ್ಲ, ಅಷ್ಟು ಸಾಕು ನನಗೆ."

ಆ ಊರಿನ ಕಟ್ಟಳೆ ಸರಳ. ಹಬ್ಬಕ್ಕೋ ಸಾವಿಗೋ ಹಂದಿ ಸುಟ್ಟರೆ ಅದರ ತೊಡೆ ಊರಿನ ಮಹಾಶೂರನಿಗೆ. ಶೂರನೆಂದವನು ಪುರಾವೆ ತೋರಬೇಕು. ಪುರಾವೆ ಸುಳ್ಳೆಂದು ತೋರಿಸಿಕೊಟ್ಟವನಿಗೆ ತೊಡೆ ದಕ್ಕುತ್ತದೆ. ತೌತಿಲ್ಲನ ಬಾಯಲ್ಲಿ ಈಗ ಹಲ್ಲುಗಳು ಅಲ್ಲೊಂದು ಇಲ್ಲೊಂದು. ಅವೂ ಉದುರುವ ಮೊದಲು ಒಮ್ಮೆಯಾದರೂ, ಊರೆಲ್ಲ ನೋಡುತ್ತಿರುವಾಗ, ಆ ತೊಡೆಗೆ ಬಾಯಿ ಹಾಕಬೇಕು. ಇವತ್ತು ಬಿಟ್ಟರೆ ಇಲ್ಲ.

*

ಇದೆಲ್ಲ ಶುರುವಾದದ್ದು ರೋಮನ್ನರ ಕೈಲಿ ಸೋತು ಬಂದ ವರ್ಷದ ಹಬ್ಬದಲ್ಲಿ. ಕಿಂತುಸ ಕತ್ತಿಯ ಮೊನೆಗೆ ತೊಡೆ ಸಿಕ್ಕಿಸಿ, "ಯಾರಿಗೆ?" ಎಂದು ಕೂಗಿದ. ಸೋತವರೆಲ್ಲ ನೆಲ ನೋಡುತ್ತಿದ್ದಾಗ ಎದ್ದು ನಿಂತವನು ವೆಬ್ರುಮಾರ! ಮೂಗಿನಲ್ಲಿ ಮಾತಾಡುವ, ಎರಡು ಗುಟುಕು ಜೇನುಹೆಂಡಕ್ಕೇ ಅಳುವ ವೆಬ್ರುಮಾರ. ಎಲ್ಲರನ್ನೂ ಮನೆಗೆ ಕರೆದೊಯ್ದು ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದ. ಶತ್ರುವಿನ ತಲೆಯನ್ನು ದೇವದಾರು ಎಣ್ಣೆಯಲ್ಲಿ ನೆನೆಸಿ ಕಾಪಿಡುವುದು ಅಜ್ಜಂದಿರ ಪದ್ಧತಿ. ಗೆದ್ದ ರೋಮನ್ನರು ಅದನ್ನು ನಿಷೇಧಿಸಿದ್ದರಿಂದ ಬಾಗಿಲು ಹಾಕಿ, ದೀಪ ಸಣ್ಣದು ಮಾಡಿ ತೋರಿಸಿದ.

"ಹತ್ರ ಬರ್ಬೇಡ್ರಪ್ಪಾ, ಎಣ್ಣೆಗೆ ಕಿಡಿ ತಾಗೀತು."

ಮಬ್ಬಿನಲ್ಲಿ ಕಂಡದ್ದು ಕರ್ರಗೆ ಮಿರುಗುವ ಒಂದು ಮುಖದ ಬಲಮಗ್ಗುಲು, ತೆರೆದ ಬಾಯಿ. ತೌತಿಲ್ಲ ಹೊಟ್ಟೆಕಿಚ್ಚು ತಡೆಯದೆ ಬಾಯಿ ಬಿಟ್ಟ.

"ಥೂ, ಎಂಥಾ ದರಿದ್ರ ಮುಖವೋ! ಮೂಗು ನೋಡ್ರೋ, ಕುದುರೆ ತುಳಿದ ಮೂಲಂಗಿ. ಬಾಯೋ, ಹೆಗ್ಗಣದ ಬಿಲ. ಇಂಥದನ್ನ ಹೆರೋಕೆ ರೋಮಿನ ತಾಯಂದಿರಿಗೇ ಸೈ. ಕಡಿದು ಉಪಕಾರ ಮಾಡ್ದೆ ಬಿಡು!"

ಜನ ಬಿದ್ದು ಬಿದ್ದು ನಕ್ಕರು. ವೆಬ್ರುಮಾರನಿಗಂತೂ ಕಣ್ಣಲ್ಲಿ ನೀರು. "ಸರಿಯಾಗಿ ಹೇಳ್ದೆ ಕಣೋ! ಇನ್ನೊಂದ್ಸಲ ಹೇಳು."

ಅಂದಿನಿಂದ ಪ್ರತಿ ಹಬ್ಬದಲ್ಲೂ ಪೆಟ್ಟಿಗೆ ಇಳಿಯುತ್ತಿತ್ತು, ಪ್ರತಿ ಹಬ್ಬದಲ್ಲೂ ತೌತಿಲ್ಲ ಬೈಯುತ್ತಿದ್ದ, ವರ್ಷವರ್ಷಕ್ಕೂ ಬೈಗುಳ ಹಣ್ಣಾಗುತ್ತಿತ್ತು. ವೆಬ್ರುಮಾರ ತೊಡೆ ಕಡಿಯುತ್ತ, "ಇನ್ನೊಂದ್ಸಲ, ಇನ್ನೊಂದ್ಸಲ," ಎನ್ನುತ್ತಿದ್ದ.

*

ತಲೆ ಸುಳ್ಳು ಎಂದು ತೌತಿಲ್ಲ ಯಾವತ್ತೂ ಬಾಯಿ ಬಿಡಲಿಲ್ಲ. ಬಿಟ್ಟರೆ ವೆಬ್ರುಮಾರನಿಂದ ಎದುರು ಪ್ರಶ್ನೆ ಬರುತ್ತಿತ್ತು: ಯುದ್ಧದ ದಿನ ನೀನೆಲ್ಲಿದ್ದೆ?

ರಥಗಳ ಸಾಲಿನಲ್ಲಿದ್ದೆ ಎಂದು ಊರಿಗೆ ಹೇಳಿಟ್ಟಿದ್ದ. ನಿಜಕ್ಕೂ ಇದ್ದದ್ದು ಕೆಳಗಿನ ಜೌಗಿನಲ್ಲಿ. ರೋಮನ್ನರ ಕಹಳೆ ಕೇಳಿದ್ದೇ ಗುರಾಣಿ ಎಸೆದು ಓಡಿದ್ದ. ಸುಣ್ಣದ ನೀರು ಹಚ್ಚಿ ಮುಳ್ಳುಹಂದಿಯಂತೆ ಸೆಟೆಸಿದ್ದ ಕೂದಲಿನ ಸುಣ್ಣ ಕರಗಿ ಕಣ್ಣಿಗಿಳಿದಿತ್ತು. ಕತ್ತಿನವರೆಗೆ ನೀರು, ನೆತ್ತಿಯ ಮೇಲೆ ಪಾಚಿ, ಉಸಿರಿಗೆ ತೆರೆದ ಬಾಯಿ. ಕತ್ತಲಾಗುವವರೆಗೆ ಬಾತುಕೋಳಿಗಳ ನಡುವೆ ಹಾಗೇ ನಿಂತಿದ್ದ. ಯಾರೂ ನೋಡಲಿಲ್ಲವೆಂಬುದೇ ಅವನ ಸಮಾಧಾನ.

*

ಅದೇ ಜೌಗಿನ ದಂಡೆಯಲ್ಲಿ ಓಕ್ ಸೌದೆಯ ಚಿತೆ ಸಿದ್ಧವಾಗಿತ್ತು. ಹೆಣದ ಪಕ್ಕದಲ್ಲಿ ಉಳಿ, ಬಾಚಿ, ಒಂದು ಪುಟ್ಟ ಪೀಪಾಯಿ. ವೆಬ್ರುಮಾರನ ಹೆಂಡತಿ ಬನೋನಾ ಪೆಟ್ಟಿಗೆ ತಂದು ಗಂಡನ ಎದೆಯ ಮೇಲಿಟ್ಟಳು.

"ನಿಲ್ಸಿ!" ಎಂದ ತೌತಿಲ್ಲ. ಮೂಗು ಹಿಡಿದು ಸತ್ತವನ ದನಿ ತೆಗೆದ: "'ಹತ್ರ ಬರ್ಬೇಡ್ರಪ್ಪಾ, ಕಿಡಿ ತಾಗೀತು!' ಈಗ ದೀಪ ಬೇಡ, ಸೂರ್ಯನೇ ಇದಾನೆ. ತೆಗೀರಿ ಪೆಟ್ಟಿಗೆ. ಪೀಪಾಯಿಗೆ ಬಳೆ ಬಡಿಯೋನು ರೋಮನ್ನನ ತಲೆ ತೆಗೆದ್ನಂತೆ! ಸುಳ್ಳಾದ್ರೆ ತೊಡೆ ನಂದು."

ಬನೋನಾ ಮೇಲುಹೊದಿಕೆಯ ತುದಿಯನ್ನು ಬಾಯಿಗಿಟ್ಟುಕೊಂಡಳು. "ಬೇಡ ಮೈದುನ. ಮುಚ್ಚಿದ್ದು ಮುಚ್ಚೇ ಇರ್ಲಿ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನೋಡಿದ್ರಾ ಹೆದರಿಕೆ! ತೆಗಿ ಅತ್ತಿಗೆ, ತೆಗಿ."

"ಆಯ್ತಪ್ಪ. ಆಮೇಲೆ ನನ್ನ ಬೈಬೇಡ."

ಕಿಂತುಸ ಮುಚ್ಚಳ ಎತ್ತಿ, ತಲೆಯನ್ನು ಬಿಸಿಲಿಗೆ ಹಿಡಿದ. ಎಣ್ಣೆ ತೊಟ್ಟಿಕ್ಕಿತು. ಬೆರಳಿನಿಂದ ಕುಟ್ಟಿದ, ಟಕ್ ಟಕ್.

"ಮರ," ಎಂದ ಮುದುಕ. "ಓಕ್ ಮರ."

"ಹೇಳ್ಲಿಲ್ವಾ ನಾನು! ಕಳ್ಳ! ಸುಳ್ಳ! ಊರಿನ ತೊಡೆ ತಿಂದ..."

ಯಾರೂ ಅವನ ಮಾತು ಕೇಳುತ್ತಿರಲಿಲ್ಲ. ಕಿಂತುಸ ತಲೆಯನ್ನು ನೋಡಿದ, ತೌತಿಲ್ಲನನ್ನು ನೋಡಿದ, ಮತ್ತೆ ತಲೆಯನ್ನು ನೋಡಿದ. ನಿಧಾನವಾಗಿ ಅದರ ಎಡಮಗ್ಗುಲು ತಿರುಗಿಸಿದ. ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ.

ತೌತಿಲ್ಲನ ಕೈ ತಾನಾಗಿಯೇ ತನ್ನ ಎಡಗಿವಿಗೆ ಹೋಯಿತು. ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಅರ್ಧ ಮಾಡಿದ ಕಿವಿ. ಆಮೇಲೆ ಬೆರಳು ಮೂಗಿಗೆ ಬಂತು.

"ಮೂಲಂಗಿ!" ಎಂದು ಯಾರೋ ಕಿಸಕ್ಕೆಂದರು.

"ನನ್ನ ಗಂಡನೂ ಶೂರನೇನಲ್ಲ ಬಿಡಿ," ಎಂದಳು ಬನೋನಾ. "ಆವತ್ತು ಓಡಿಹೋಗಿ ಜೌಗಿನ ಜೊಂಡಲ್ಲಿ ಕೂತಿದ್ರಂತೆ. ಎದುರಿಗೇ ನೀರಿನ ಮೇಲೆ ಒಂದು ತಲೆ. ಕತ್ತಿಲ್ಲ, ಮೈಯಿಲ್ಲ, ನೆತ್ತಿ ಮೇಲೆ ಪಾಚಿ, ಬಾಯಿ ಆ ಅಂತ ತೆಗೆದಿದೆ. 'ಆ ಯುದ್ಧದಲ್ಲಿ ನಾನು ಕಂಡಿದ್ದು ಇದೊಂದೇ ತಲೆ ಕಣೇ, ಅದನ್ನೇ ತಂದೆ' ಅಂತಿದ್ರು. ತೊಡೆಗಿಂತ ನಿನ್ನ ಬೈಗುಳ ಕೇಳೋದೇ ಅವರಿಗೆ ಹಬ್ಬ."

ಸೊಂಟದ ಕತ್ತಿಯತ್ತ ತೌತಿಲ್ಲನ ಕೈ ಹೋದಂತೆಯೂ ಕಂಡಿತು. ಆದರೆ ಅವನು ಹೋದದ್ದು ಚಿತೆಯತ್ತ. ಹೆಣದ ಮೂಗಿನ ಹತ್ತಿರ ಬಗ್ಗಿ, "ಬಡ್ಡೀಮಗನೇ, ಕಿವಿನಾದ್ರೂ ನೆಟ್ಟಗೆ ಕೆತ್ತಬಾರ್ದಿತ್ತಾ?" ಎಂದ. ತೊಡೆಯ ನೆನಪೇ ಅವನಿಗಿರಲಿಲ್ಲ.

ಕಿಂತುಸ ಮರದ ತಲೆಯನ್ನು ವೆಬ್ರುಮಾರನ ಎದೆಯ ಮೇಲಿಟ್ಟು ಕೊಳ್ಳಿ ತಾಗಿಸಿದ. ವರ್ಷಾನುಗಟ್ಟಲೆ ಎಣ್ಣೆ ಕುಡಿದ ತಲೆ ಭಗ್ಗೆಂದು ಹೊತ್ತಿಕೊಂಡು ಬಾಯಿಂದ ಬೆಂಕಿ ಉಗುಳಿತು. ಅದರ ಎದುರಿಗೆ, ಹೊಗೆಯ ಈಚೆ, ಅಂಥದೇ ಇನ್ನೊಂದು ಬಾಯಿ ಅಷ್ಟೇ ಅಗಲ ತೆರೆದುಕೊಂಡಿತ್ತು. ಊರೆಲ್ಲ ನಗುತ್ತಿತ್ತು, ಎಲ್ಲರ ನಗುವನ್ನೂ ಮೀರಿಸಿದ ತೌತಿಲ್ಲನ ನಗುವಿಗೆ ಬೆಚ್ಚಿ, ಜೌಗಿನ ಬಾತುಕೋಳಿಗಳೆಲ್ಲ ಒಮ್ಮೆಲೇ ಮೇಲೆದ್ದವು.