ಸೇವಂತಿಗೆ ಸೈಕಲ್ಲು

ಟಿಕ್. ತುಸು ಬಿಟ್ಟು, ಟಕ್. ರಾತ್ರಿ ಎರಡು ಗಂಟೆಗೆ ಬಾಲ್ಕನಿಯಿಂದ ಬಂದ ಆ ಸಣ್ಣ ಸದ್ದಿಗೆ ಮಿಯೆನ್‌ಗೆ ಎಚ್ಚರವಾಯಿತು. ಎರಡು ಸದ್ದುಗಳ ನಡುವಿನ ಬಿಡುವಿನಿಂದಲೇ ಕ್ಯಾಮೆರಾದ ಶಟರಿನ ವೇಗ ತಿಳಿಯಿತು: ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲು. ತಾನೇ ಹೇಳಿಕೊಟ್ಟದ್ದು.

ಕೆಳಗೆ ಹನೋಯ್‌ನ ಹೂವಿನ ಸಂತೆಗೆ ಸೈಕಲ್ಲುಗಳು ಹೋಗುತ್ತಿದ್ದವು. ಚಿಕ್ಕಪ್ಪನ ಮಗಳು ಲುವಾ ಒಂದೊಂದರ ಜೊತೆಗೂ ಸೊಂಟ ತಿರುಗಿಸುತ್ತ ಕ್ಯಾಮೆರಾ ಬೀಸುತ್ತಿದ್ದಳು. ಸವಾರರು ಸ್ಪಷ್ಟವಾಗಿ ಮೂಡಬೇಕು, ಹಿಂದಿನ ಬೀದಿಯೆಲ್ಲ ಗೆರೆಗೆರೆಯಾಗಿ ಹರಿಯಬೇಕು. ಅಂಥ ತನ್ನದೊಂದು ಚಿತ್ರ ಛಾಯಾಗ್ರಾಹಕರ ಸಂಘ ಹೊಸವರ್ಷದ ತೆತ್ ಹಬ್ಬಕ್ಕೆ ತರುವ ಕ್ಯಾಲೆಂಡರಿನ ಮುಖಪುಟಕ್ಕೆ ಬರಲೆಂದು ಮಿಯೆನ್ ಹನ್ನೊಂದು ವರ್ಷದಿಂದ ಕಾದಿದ್ದಳು. ಲುವಾ ಕ್ಯಾಮೆರಾ ಹಿಡಿದು ಎರಡು ತಿಂಗಳೂ ಆಗಿರಲಿಲ್ಲ. "ಆ ಹುಡುಗಿ ಕೈ ನೋಡಿ, ನೀರು ಹರಿದ ಹಾಗೆ!" ಎಂದು ಸಂಘದ ಹಿರಿಯರು ಮಿಯೆನ್‌ಳ ಎದುರೇ ಹೊಗಳಿದ್ದರು. ಮಿಯೆನ್ ನಕ್ಕಿದ್ದಳು. ಮನೆ ಸೇರುವವರೆಗೂ ಆ ನಗು ಮುಖಕ್ಕೆ ಅಂಟಿಕೊಂಡೇ ಇತ್ತು.

"ಎದ್ದುಬಿಟ್ಯಾ ಅಕ್ಕಾ? ಮುನ್ನೂರು ತೆಗ್ದೆ. ಒಬ್ಬಳಿಗಾದ್ರೂ ಮೂಗಿದ್ಯಾ ನೋಡು!"

"ಕೊಡಿಲ್ಲಿ."

ಮಿಯೆನ್ ಒಂದೊಂದೇ ಸರಿಸಿದಳು. ಎಲ್ಲವೂ ಮಸುಕು. ಇದ್ದಕ್ಕಿದ್ದಂತೆ ಬೆರಳು ನಿಂತಿತು. ಸೇವಂತಿಗೆ ಹೇರಿದ ಸೈಕಲ್ಲು, ಅದರ ಮೇಲೊಬ್ಬ ಮುದುಕಿ. ದೊಡ್ಡದು ಮಾಡಿದಳು. ಕಣ್ಣಿನ ಸುತ್ತಲಿನ ಸುಕ್ಕುಗಳನ್ನು ಎಣಿಸಬಹುದಿತ್ತು. ಹಿಂದೆ ದೀಪಗಳು ಹಳದಿ ನೂಲಾಗಿ ಹರಿದಿದ್ದವು. ತನಗೆ ಒಮ್ಮೆಯೂ ಸಿಗದ ಚಿತ್ರ. ಲುವಾ ಹತ್ತಿರ ಬರುತ್ತಲೇ ಅವಸರದಿಂದ ಚಿಕ್ಕದು ಮಾಡಿದಳು.

"ಅದೂ ಹಾಳು ಬಿಡು," ಲುವಾ ಇಣುಕಿದಳು. "ಗಾಲೀಲಿ ಒಂದು ಕಡ್ಡೀನೂ ಕಾಣ್ತಿಲ್ಲ."

ತಿರುಗುವ ಗಾಲಿಯ ಕಡ್ಡಿ ಕಾಣಬಾರದು. ಕಂಡರೆ ಸೈಕಲ್ಲು ನಿಂತಂತಿರುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲೇ. ಹೇಳಲು ಒಂದು ಮಾತು ಸಾಕಿತ್ತು.

"ಹೂಂ, ಗಾಲಿ ಕೆಟ್ಟಿದೆ," ಎಂದಳು ಮಿಯೆನ್. "ಎಲ್ಲಾ ಅಳಿಸಿಬಿಡು. ಕೆಟ್ಟದ್ದು ಇಟ್ಕೊಂಡ್ರೆ ಕಣ್ಣು ಅದಕ್ಕೇ ಒಗ್ಗಿಹೋಗುತ್ತೆ."

"ಗುರುಗಳ ಅಪ್ಪಣೆ!" ಲುವಾ ಗುಂಡಿ ಒತ್ತಿದಳು.

ನಸುಕಿಗೆ ಇಬ್ಬರೂ ಸಂತೆಗೆ ಹೋದರು. ಮಿಯೆನ್‌ಳ ಕ್ಯಾಮೆರಾದ ಮೆಮೊರಿ ಕಾರ್ಡು ತುಂಬಿಹೋಗಿತ್ತು.

"ನಂದು ತಗೋ ಅಕ್ಕಾ, ಖಾಲಿ ಇದೆ. ನಂಗಂತೂ ಇದು ಒಲಿಯಲ್ಲ. ಮುಖಪುಟ ನಮ್ಮನೇಗೇ ಬರ್ಬೇಕು, ಅಷ್ಟೇ. ನಾನು ಬಿಸಿ ಸೋಯಾ ಹಾಲು ತರ್ತೀನಿ."

ಮಿಯೆನ್ ಕಾರ್ಡನ್ನು ಅಂಗೈಯಲ್ಲೇ ಹಿಡಿದು ನಿಂತಳು. ಅಳಿಸಿದ ಚಿತ್ರ ಕೂಡಲೇ ಹೋಗಿಬಿಡುವುದಿಲ್ಲ. ಅದರ ಮೇಲೆ ಹೊಸದು ಬೀಳುವವರೆಗೆ ರಿಪೇರಿಯವರು ಹೊರತೆಗೆಯಬಲ್ಲರು. ಜೇಬಿಗೆ ಹಾಕಿಕೊಂಡು ಸುಮ್ಮನಿದ್ದರೆ ಸಾಕು, ಮುದುಕಿ ಉಳಿಯುತ್ತಾಳೆ.

ಕಾರ್ಡನ್ನು ತನ್ನ ಕ್ಯಾಮೆರಾಕ್ಕೆ ಹಾಕಿದಳು. ಗುಲಾಬಿ ಹೊತ್ತ ಸೈಕಲ್ಲೊಂದು ಬಂತು. ಅದರ ಜೊತೆಗೇ ತಿರುಗುತ್ತ ಒತ್ತಿದಳು. ಮುಂದಿನದಕ್ಕೂ ಒತ್ತಿದಳು. ಕಾರ್ಡಿನಲ್ಲಿ ಜಾಗವಿಲ್ಲವೆಂದು ಕ್ಯಾಮೆರಾ ತಾನಾಗಿ ನಿಲ್ಲುವವರೆಗೂ ಒತ್ತುತ್ತಲೇ ಹೋದಳು. ಒಂದೂ ಕೂಡಿಬಂದಿರಲಿಲ್ಲ.

"ಸಿಕ್ತಾ ಅಕ್ಕಾ?" ಲುವಾ ಎರಡು ಲೋಟ ಹಿಡಿದು ಬಂದಳು.

"ಇಲ್ಲ ಕಣೇ."

"ಸಿಗುತ್ತೆ ಬಿಡು. ನಿಂಗಲ್ದೆ ಇನ್ಯಾರಿಗೆ?"

ಹಾಲು ನಾಲಿಗೆ ಸುಟ್ಟಿತು. ಇದನ್ನು ಲುವಾಗಾಗಲಿ, ಸಂಘದವರಿಗಾಗಲಿ, ಯಾರಿಗೂ, ಎಂದೂ ಹೇಳುವುದಿಲ್ಲ ಎಂದು ಮಿಯೆನ್ ಅಲ್ಲೇ ನಿಶ್ಚಯಿಸಿದಳು.